ಮೃತ್ಯುಂಜಯನ ಮಿನಿಮಮ್ ದಿಗ್ವಿಜಯ

ಎಲೈ ವಾಗ್ದೇವಿಯೇ, ಕಲಿಯುಗದಲ್ಲಿ, ಪೇಡಾಪರಿಮಳಭರಿತವಾದ ಧಾರವಾಡವೆಂಬ ಪುಣ್ಯಪಟ್ಟಣದಲ್ಲಿ, ಮೆಕ್ಯಾನಿಕಲ್ ವಿಭಾಗದ ಐದನೆಯ ಸೆಮಿಸ್ಟರೆಂಬ ಘೋರಕಾಲದಲ್ಲಿ ನಡೆದ ಮಹಾಸಮರವನ್ನು ಹಾಡಲು ಹೊರಟಿದ್ದೇನೆ. ಬಂದು ನನ್ನ ನಾಲಗೆಯ ಮೇಲೆ ಕೂರು. ಹಾಸ್ಟೆಲಿನ ಹದಿನೇಳನೆಯ ಕೋಣೆಯ ಅಧಿಪತಿಯೂ, ಅರ್ಧಪಕ್ವಚಪಾತಿಭಂಜನನೂ, ಪ್ರಥಮಘಂಟಾನಿದ್ರಾವಿನೋದನೂ, ರಾಣೆಬೆನ್ನೂರಿನ ಟೇಲರ್ ಶಾಂತವ್ವನ ಏಕೈಕ ಪುತ್ರನೂ ಆದ ಮೃತ್ಯುಂಜಯ ಹಲಗೇರಿಯೇ ಈ ಕಥೆಯ ನಾಯಕನು. ಹುಡುಗ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಒಂದು ದಿನ ಕ್ಯಾಂಟೀನಿನ ಮುಂದಿನ ಬೇವಿನ ಮರದಡಿ ಬಣ್ಣದ ಕೊಡೆಯೊಂದು ಅರಳಿತು. ಅದರ ನೆರಳಿನಲ್ಲಿ ಟೈ ಕಟ್ಟಿದ ವರದಾಯಕನೊಬ್ಬ, ಯಾವುದೋ ಬ್ಯಾಂಕಿನ ದೂತ, ಅರ್ಜಿಗಳ ರಾಶಿ ಇಟ್ಟುಕೊಂಡು ಕುಳಿತಿದ್ದನು. ಹಿಂದಿನ ಯುಗದ ವೀರರು ದಿವ್ಯಾಸ್ತ್ರಕ್ಕಾಗಿ ನೂರು ವರ್ಷ ಒಂಟಿಕಾಲಿನಲ್ಲಿ ನಿಂತರಂತೆ; ನಮ್ಮವನು ಹನ್ನೊಂದು ನಿಮಿಷ ಕ್ಯೂನಲ್ಲಿ ನಿಂತನು. ಅರ್ಜಿಯಲ್ಲಿ ‘ಆದಾಯ’ ಎಂಬ ಕಡೆ ಮಾತ್ರ ಅವನ ಪೆನ್ನು ತಡವರಿಸಿತು.

“ಮನ್ಯಾಗ ಏನ್ ಮಾಡ್ತಾರ?” ಎಂದನು ದೂತ.

“ಅವ್ವ ಬ್ಲೌಸ್ ಹೊಲೀತಾಳ್ರೀ.”

“ಹಂಗಾರ ಬರೀರಿ, ಗಾರ್ಮೆಂಟ್ಸ್ ಉದ್ಯಮ, ಪಾಲುದಾರ. ಈ ಬ್ಯಾಗ್ ಫ್ರೀ ಐತಿ, ತಗೋರಿ.”

ಹತ್ತು ದಿನಗಳಲ್ಲಿ ಇಪ್ಪತ್ತು ಸಾವಿರ ರೂಪಾಯಿಗಳ ಶಕ್ತಿಯನ್ನು ಗರ್ಭದಲ್ಲಿ ಧರಿಸಿದ ನೀಲಿ ಕ್ರೆಡಿಟ್ ಕಾರ್ಡು ಅಂಚೆಯಲ್ಲಿ ಅವತರಿಸಿತು. ಅಷ್ಟರೊಳಗೆ ಆ ಪುಕ್ಕಟೆ ಬ್ಯಾಗಿನ ಜಿಪ್ ಕಿತ್ತುಹೋಗಿತ್ತು. ಶಕುನ ನೋಡುವವರು ಯಾರೂ ಹತ್ತಿರವಿರಲಿಲ್ಲ.

ಆ ಹಾಸ್ಟೆಲಿನಲ್ಲಿ ಒಂದು ಅಲಿಖಿತ ಶಾಸನವಿದೆ. ಯಾರಿಗೆ ಏನೇ ಹೊಸದು ಬಂದರೂ, ಅದು ಬನಿಯನ್ನೇ ಆಗಿರಲಿ, ಪಾರ್ಟಿ ಕೊಡಿಸಲೇಬೇಕು. ಆದ್ದರಿಂದ ಕಾರ್ಡು ಬಂದದ್ದಕ್ಕೆ ಪಾರ್ಟಿಯಾಯಿತು, ಕಾರ್ಡಿನಿಂದ ಕೊಂಡ ಬೂಟಿಗೆ ಪಾರ್ಟಿಯಾಯಿತು, ಬೂಟು ಹಾಕಿಕೊಂಡು ಯಾರದೋ ಬೈಕಿನ ಮೇಲೆ ತೆಗೆಸಿಕೊಂಡ ಫೋಟೋಕ್ಕೂ ಆಯಿತು. “ಎಲೈ ಕ್ಷುಧಾರ್ತರಾದ ವೀರರೇ, ಬೆದರದಿರಿ! ಈ ನೀಲಫಲಕವು ನನ್ನ ಕರಕಮಲದಲ್ಲಿ ಇರುವವರೆಗೆ ಧಾರವಾಡದ ಬಿರಿಯಾನಿಯ ಹಂಡೆಗಳೆಲ್ಲ ನಿಮ್ಮೆದುರು ಬಾಯ್ದೆರೆದು ನಿಲ್ಲುವುವು!” ಎಂದು ಅವನು ಸಿಂಹನಾದಗೈದಂತೆ ಕವಿಗೆ ಕೇಳಿಸಿತು. ಅವನು ನಿಜವಾಗಿ ಅಂದದ್ದು, “ತಿನ್ನ್ರಲೇ, ನಾ ಅದೀನಿ.”

ತಿಂಗಳು ತುಂಬಿತು. ಬಿಲ್ಲು ಬಂತು. ಮೃತ್ಯುಂಜಯನ ರೂಮ್‌ಮೇಟ್ ಇರ್ಫಾನ್ ಸವಣೂರ ಅದನ್ನು ಫೋನಿನಲ್ಲಿ ಕಂಡು ಹಾಸಿಗೆಯ ಮೇಲೆ ಎದ್ದು ಕುಳಿತನು.

“ಲೇ, ಹದಿನೇಳು ಸಾವಿರದ ಎಂಟನೂರು ತೋರಸಾಕತ್ತೈತಿ!”

“ಕೆಳಗ ನೋಡಲೇ. ಮಿನಿಮಮ್ ಎಂಟನೂರಾ ತೊಂಬತ್ತು. ಪರೀಕ್ಷಾದಾಗ ಮಿನಿಮಮ್ ಎಷ್ಟು? ನಲವತ್ತು. ನಲವತ್ತು ತಗೊಂಡಾವ ಪಾಸೋ, ಫೇಲೋ?”

“ಪಾಸ್.”

“ತೊಂಬತ್ತು ತಗೊಂಡಾವಗೂ ಅದ ಡಿಗ್ರಿ, ನಲವತ್ತು ತಗೊಂಡಾವಗೂ ಅದ ಡಿಗ್ರಿ. ಮತ್ಯಾಕ ಜಾಸ್ತಿ ಕಟ್ಟಬೇಕು?”

ಇರ್ಫಾನನೂ ನಾಲ್ಕು ಸೆಮಿಸ್ಟರುಗಳಿಂದ ನಲವತ್ತರ ಆಸುಪಾಸಿನಲ್ಲೇ ಜೀವ ಹಿಡಿದುಕೊಂಡು ಬಂದವನು. ಈ ತರ್ಕ ಕೇಳಿ ಫೋನನ್ನು ಮರಳಿ ಕೊಟ್ಟು ಮಲಗಿಕೊಂಡನು. ಎಂಟುನೂರ ತೊಂಬತ್ತು ಕಟ್ಟಲಾಯಿತು. ಪಾಸಾದ ಸಂತೋಷಕ್ಕೆ ಅದೇ ಕಾರ್ಡಿನಲ್ಲಿ ಪಾರ್ಟಿ ನಡೆಯಿತು. ಎರಡನೆಯ ತಿಂಗಳೂ ಹಾಗೆಯೇ ಪಾಸಾದನು. ಮೂರನೆಯ ತಿಂಗಳು ಪರೀಕ್ಷಾ ಶುಲ್ಕಕ್ಕೆಂದು ಅವ್ವ ಕಳಿಸಿದ್ದ ಎರಡು ಸಾವಿರದ ಇನ್ನೂರರಲ್ಲಿ ಮಿನಿಮಮ್ ಕಟ್ಟಿ, ಉಳಿದದ್ದರಲ್ಲಿ ಸತತ ಮೂರನೆಯ ಜಯವನ್ನು ಆಚರಿಸಿದನು. ಫೀ ಕಟ್ಟಲು ಕಾರ್ಡು ಇದೆಯಲ್ಲ!

ಫೀ ಕಟ್ಟುವ ಕೊನೆಯ ದಿನ, ಮಧ್ಯಾಹ್ನ ಮೂರೂವರೆ. ನಾಲ್ಕಕ್ಕೆ ಕಿಟಕಿ ಮುಚ್ಚುತ್ತದೆ. ಮುಚ್ಚಿದರೆ ಹಾಲ್ ಟಿಕೆಟ್ ಇಲ್ಲ, ಹಾಲ್ ಟಿಕೆಟ್ ಇಲ್ಲದಿದ್ದರೆ ಸೆಮಿಸ್ಟರೇ ಇಲ್ಲ. ಕಿಟಕಿಯ ಒಳಗೆ ಪರೀಕ್ಷಾ ವಿಭಾಗದ ಕ್ಲರ್ಕ್ ಮಹಾದೇವಿ ಮೇಡಂ. ನಾಯಕನು ಕಾರ್ಡನ್ನು ಒರೆಯಿಂದ ಕತ್ತಿ ಹಿರಿದಂತೆ ಹಿರಿದು ಚಾಚಿದನು. ಮೇಡಂ ಅದನ್ನು ಯಂತ್ರಕ್ಕೆ ತುರುಕಿದರು. ಯಂತ್ರವು ಕೀಚಲು ದನಿಯಲ್ಲಿ ಒಮ್ಮೆ ಕೂಗಿತು.

“ನಡಿಯವಲ್ದು ತಮ್ಮಾ. ಲಿಮಿಟ್ ಮುಗದೈತಿ.”

“ಹೆಂಗ್ರೀ ಮೇಡಂ? ಮೂರೂ ತಿಂಗಳು ಮಿನಿಮಮ್ ಕಟ್ಟೀನ್ರೀ! ಪಾಸಾಗೀನ್ರೀ!”

ಇಪ್ಪತ್ತೆರಡು ವರ್ಷಗಳಿಂದ ಫೇಲಾದವರನ್ನೇ ನೋಡುತ್ತಾ ಬಂದ ಮಹಾದೇವಿ ಮೇಡಂ ಕನ್ನಡಕ ತೆಗೆದರು. “ಪಾಸಲ್ಲೋ ಮಾರಾಯ, ಬ್ಯಾಕ್‌ಲಾಗ್ ಇಟ್ಕೊಂಡೀದಿ. ಉಳಿದ ರೊಕ್ಕ ಎಲ್ಲಿ ಹೋತು ಅನ್ಕೊಂಡಿ? ಮುಂದಿನ ತಿಂಗಳಿಗೆ ಬಂತು, ಬಡ್ಡಿ ಕರ್ಕೊಂಡು. ಅದರ ಮ್ಯಾಲೆ ಹೊಸಾ ಖರ್ಚು ಮಾಡಿದ್ರ, ಅದಕ್ಕೂ ಅವತ್ತಿಂದನ ಬಡ್ಡಿ.”

ಆಗ ನೋಡಬೇಕಿತ್ತು ಮೃತ್ಯುಂಜಯನ ರೌದ್ರವನ್ನು! “ಎಲವೋ ನೀಲವರ್ಣದ ವಂಚಕ, ಬಿರಿಯಾನಿಯ ವೇಷದಲ್ಲಿ ಬಂದು ಬೆನ್ನಿಗೆ ಇರಿದವನೇ, ಇಂದು ನಿನ್ನ ಅಂತ್ಯ!” ಎಂಬ ಭಾವದಲ್ಲಿ ಹಲ್ಲು ಕಡಿದು, ಕಾರ್ಡನ್ನು ಎರಡೂ ಕೈಯಲ್ಲಿ ಬಗ್ಗಿಸಿದನು. ಅದು ಬಗ್ಗಿತು, ಮುರಿಯಲಿಲ್ಲ. ಜೊತೆಗೆ ಬಂದಿದ್ದ ಇರ್ಫಾನ್ ಹಲ್ಲಿನಿಂದ ಕಚ್ಚಿ ನೋಡಿದನು. ಕೊನೆಗೆ ಮೇಡಂ ಬಳಿ ಕತ್ತರಿ ಕಡ ತಂದು, ಕ್ಯೂನಲ್ಲಿದ್ದವರ ಜಯಘೋಷದ ನಡುವೆ, ಆ ದೈತ್ಯನನ್ನು ಹದಿನಾಲ್ಕು ತುಂಡು ಮಾಡಿ ಚೆಲ್ಲಿದನು. ಆ ಕ್ಷಣವೇ ಅವನ ಫೋನು ಟಿಣ್ ಎಂದಿತು. ಈ ತಿಂಗಳ ಬಡ್ಡಿಯೂ ಸೇರಿ ಬಾಕಿ ಹತ್ತೊಂಬತ್ತು ಸಾವಿರದ ಆರುನೂರು.

ಗಂಟೆ ಮೂರೂ ಮುಕ್ಕಾಲು. ಅವನಿಗೆ ನಾಚಿಕೆಯಿಂದ ಅಳು ಬಂತು. ಅವ್ವನಿಗೆ ಫೋನು ಹಚ್ಚಿದನು.

“ಯವ್ವಾ, ಒಂದು ತಪ್ಪು ಮಾಡೀನಿ.”

“ಊಟಾ ಮಾಡೀಯಿಲ್ಲೋ ಮೊದಲ ಹೇಳು.”

ಅವನು ಬೂಟಿನಿಂದ ಹಿಡಿದು ಮಿನಿಮಮ್‌ವರೆಗೆ ಎಲ್ಲವನ್ನೂ ಹೇಳಿದನು. ಆಚೆ ಹೊಲಿಗೆ ಮಷೀನಿನ ಸದ್ದು ನಿಂತುಹೋಯಿತು. ನಾನು ಎಷ್ಟೋ ಯುದ್ಧಗಳನ್ನು ಹಾಡಿದ್ದೇನೆ, ಆದರೆ ಆ ಮೌನಕ್ಕೆ ಹೆದರಿದಷ್ಟು ಯಾವ ಶಂಖಕ್ಕೂ ಹೆದರಿಲ್ಲ.

“ಕರೆಂಟಿನ ಮಷೀನ್ ತಗೋಬೇಕಂತ ಚೀಟಿ ಎತ್ತಿದ್ನಿ,” ಎಂದಳು ಶಾಂತವ್ವ. “ಇರ್ಲಿ, ಕಾಲಾಗ ಇನ್ನೂ ಕಸುವು ಐತಿ, ತುಳಿತೀನಿ. ಫೋನಿನ್ಯಾಗ ರೊಕ್ಕ ಹಾಕ್ತೀನಿ, ಈಗ ಫೀ ಕಟ್ಟು. ಬಾಕಿ ಪೂರ್ತಾ ನಾ ಕಟ್ಟಸ್ತೀನಿ, ಮಿನಿಮಮ್ ಅಲ್ಲ. ಪರೀಕ್ಷಾ ಮುಗಿಸಿ ಬಾ. ಬ್ಲೌಸಿಗೆ ಹುಕ್ಕ ಹಚ್ಚು, ಒಂದಕ್ಕ ಹತ್ತು ರೂಪಾಯಿ. ತೀರೂತನ ಹಚ್ಚು.”

ಮೂರು ಐವತ್ತಾರಕ್ಕೆ ಫೀ ಕಟ್ಟಿಯಾಯಿತು. ಫೀ, ಬಾಕಿ ಎರಡೂ ಸೇರಿ ಎರಡು ಸಾವಿರದ ನೂರ ಎಂಬತ್ತು ಬ್ಲೌಸುಗಳೆಂದು ಇರ್ಫಾನ್ ಅಲ್ಲಿಯೇ ಲೆಕ್ಕ ಹಾಕಿ ಹೇಳಿದನು.

ಹೀಗೆ ರಜೆಯ ಮೊದಲ ದಿನ, ರಾಣೆಬೆನ್ನೂರಿನಲ್ಲಿ, ಆರೂವರೆ ಸಾವಿರದ ಬೂಟುಗಳನ್ನು ಹೊಸ್ತಿಲಾಚೆ ಬಿಟ್ಟು, ಚಾಪೆಯೆಂಬ ರಣಾಂಗಣದ ಮೇಲೆ, ಸೂಜಿಯೆಂಬ ಖಡ್ಗವನ್ನು ಹಿಡಿದು ಬಿರಿಯಾನೀಸಾರ್ವಭೌಮನು ಕುಳಿತನು. ಸೂಜಿ ಹೆಬ್ಬೆರಳಿಗೆ ಚುಚ್ಚಿತು. ಇಡೀ ಮಹಾಸಮರದಲ್ಲಿ ಹರಿದ ರಕ್ತ ಆ ಒಂದು ಹನಿ. ಅರ್ಧ ಗಂಟೆಯ ಘೋರ ಹೋರಾಟದ ಬಳಿಕ ಅವನು ಹಸಿರು ಬ್ಲೌಸೊಂದನ್ನು ಜಯಧ್ವಜದಂತೆ ಎತ್ತಿ ಹಿಡಿದನು.

“ಯವ್ವಾ, ಮೊದಲನೇದು ಮುಗೀತು. ಒಂದೊಂದು ಹುಕ್ಕಿಗೆ ಎರಡೆರಡ ಹೊಲಿಗಿ ಹಾಕೀನಿ. ನಿಂತಾವು.”

ಶಾಂತವ್ವ ಮಷೀನು ತುಳಿಯುವುದನ್ನು ನಿಲ್ಲಿಸಿ, ಅದನ್ನು ಇಸಿದುಕೊಂಡು ಒಮ್ಮೆ ಜಗ್ಗಿದಳು. ಮೂರು ಹುಕ್ಕುಗಳು ಅವಳ ಕೈಗೆ ಬಂದವು.

“ಇದು ಮಿನಿಮಮ್,” ಎಂದಳು. “ಬಿಚ್ಚಿ ಮತ್ತ ಹಚ್ಚು.”

ಅವನು ಬಿಚ್ಚಿದನು. ಉಳಿದದ್ದು ಎರಡು ಸಾವಿರದ ನೂರ ಎಂಬತ್ತು.