ಮಾಮಾ ‘ಒಪ್ಪಿಗೆ’ ಒತ್ತುವುದಿಲ್ಲ

ನಮ್ಮ ಸೋದರಮಾವನನ್ನು ಒಪ್ಪಿಸುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಮದುವೆಗೆ ಒಪ್ಪಿದ್ದಾರಲ್ಲ ಎನ್ನುತ್ತೀರೇನು? ಅದಕ್ಕೂ ಒಪ್ಪಿದ್ದು ಅತ್ತೆ. ಇವರು ಸುಮ್ಮನೆ ನಿಂತಿದ್ದರು, ಅಷ್ಟೇ!

ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ಈ ಮನುಷ್ಯನ ಪರಮ ವೈರಿ ಎಂದರೆ, ವೆಬ್‌ಸೈಟ್ ತೆರೆದ ಕೂಡಲೇ ಅಡ್ಡ ನಿಲ್ಲುವ ಆ ಸೂಚನೆ: ‘ನಾವು ಕುಕೀ ಬಳಸುತ್ತೇವೆ, ಒಪ್ಪುವಿರಾ?’ ನೀವು ಏನೇನು ನೋಡಿದಿರಿ ಎಂದು ಗುರುತಿಟ್ಟುಕೊಂಡು ಜಾಹೀರಾತಿನವರಿಗೆ ಚಾಡಿ ಹೇಳುವ ಏರ್ಪಾಡು ಅದು. ನಾವು ನೀವೆಲ್ಲ ನೊಣ ಓಡಿಸಿದಂತೆ ‘ಒಪ್ಪಿಗೆ’ ಒತ್ತಿ ಮುಂದೆ ಹೋಗುತ್ತೇವೆ. ಮಾಮಾ ಕನ್ನಡಕ ಹುಡುಕುತ್ತಾರೆ.

ಈಚೆಗೆ ಕಲಬುರಗಿಯ ಬಸ್ ನಿಲ್ದಾಣದಲ್ಲಿ, ಫೋನಿನಲ್ಲೇ ಟಿಕೆಟ್ ತೆಗೆಯುತ್ತೇನೆಂದು ಕೂತರು. ವಿಜಯಪುರದ ಬಸ್ಸು ಎದುರಿಗೇ ಗುರುಗುಡುತ್ತಿತ್ತು.

“ಮಾಮಾ, ಒತ್ರಿ! ಬಸ್ ಬಿಡ್ತದ!” ಎಂದೆ, ಕಳಿಸಲು ಬಂದಿದ್ದ ನಾನು.

“ತಡಿಯವ್ವಾ, ಯಾರ್ಯಾರಿಗೆ ಹೇಳ್ತಾರಂತ ಓದಾಕತ್ತೀನಿ.”

ಬಸ್ಸು ಹೋಯಿತು. ಮಾಮಾ ಕೆಂಡವಾದರು. ಬಸ್ಸಿನ ಮೇಲಲ್ಲ! “ನಾ ಎಲ್ಲಿಗೆ ಹೊಂಟೀನಂತ ಇವ್ರಿಗ್ಯಾಕ ಬೇಕು? ನಿಮ್ಮತ್ತಿಗೇ ಹೇಳಿಲ್ಲ!”

ಇಷ್ಟರಲ್ಲೇ ನಿಂತಿದ್ದರೆ ನಾನು ನಕ್ಕು ಬಿಡುತ್ತಿದ್ದೆ. ಆದರೆ ನನ್ನ ಹೊಟ್ಟೆಪಾಡೇ ವೆಬ್‌ಸೈಟ್. ಸ್ಟೇಶನ್ ಬಜಾರದ ಒಂದು ಕೋಣೆಯಲ್ಲಿ ಕೂತು ಅಂಗಡಿ, ಲಾಡ್ಜುಗಳಿಗೆ ಮಾಡಿಕೊಡುತ್ತೇನೆ. ಅಂಥ ಒಂದು ಲಾಡ್ಜಿನ ಸೈಟು ಮಾಮಾನ ಕಣ್ಣಿಗೆ ಬಿತ್ತು. ಅದರಲ್ಲಿ ‘ಒಪ್ಪುತ್ತೇನೆ’ ಎಂಬುದು ಹಚ್ಚ ಹಸಿರು, ಅಂಗೈಯಗಲ. ‘ಬೇಡ’ ಎಂಬುದು ಬೂದುಬಣ್ಣದ ಇರುವೆ ಗಾತ್ರದ್ದು, ಅದೂ ಇಂಗ್ಲಿಷಿನಲ್ಲಿ. ಎಲ್ಲರೂ ಹಾಗೇ ಮಾಡುತ್ತಾರೆ ಸ್ವಾಮಿ! ಮಾಮಾ ನೇರ ಲಾಡ್ಜಿಗೇ ನುಗ್ಗಿದರು.

“ಹೂಂ ಅನ್ನಾಕ ಹೆಬ್ಬಾಗಿಲಾ, ಬ್ಯಾಡ ಅನ್ನಾಕ ಇಲಿ ಬಿಲಾ! ತಿಳಿಯೋ ಭಾಷಾದಾಗ ಕೇಳಬೇಕು, ಒಪ್ಪಿಗಿ ಕೊಟ್ಟಷ್ಟೇ ಸಲೀಸಾಗಿ ವಾಪಸ್ ತಗೊಳ್ಳಾಕ ಬಿಡಬೇಕಂತ ದೇಶಕ್ಕ ಕಾಯ್ದೆ ಬಂದದ, ಗೊತ್ತದೇನ್ರಿ? ಯಾ ಹುಚ್ಚ ಮಾಡ್ಯಾನ ಇದನ್ನ?”

“ಬಾಜೂ ಕಟ್ಟಡದ ಮ್ಯಾಲಿನ ಕೋಣ್ಯಾಗ ಕುಂತಾಳ, ಅಕಿನ್ನೇ ಕೇಳ್ರಿ!” ಎಂದು ಮಾಲೀಕ ಮಾಮಾನನ್ನು ದರದರ ಎಳೆತಂದ. ಬಾಗಿಲಲ್ಲಿ ನನ್ನನ್ನು ಕಂಡ ಮಾಮಾ, “ನೀನಾ?” ಎಂದರು. ಲಾಡ್ಜಿನವನು ನನಗೆ ಕೈಮುಗಿದ. “ಎರಡೂ ಬಟನ್ ಸರಿಸಮ ಮಾಡಿದ್ರ ಯಾರೂ ಒಪ್ಪಂಗಿಲ್ಲವ್ವಾ.”

“ಒಪ್ಪಂಗಿಲ್ಲಂತ ಗೊತ್ತಿದ್ದೂ ಒಪ್ಪಿಸೋದು ಜಬರ್ದಸ್ತಿ!” ಎಂದು ಮಾಮಾ ಗುಡುಗಿದರು.

“ಹಂಗಾರ ಈ ಕೆಲಸಾ ಬ್ಯಾರೆಯವ್ರಿಗೆ ಕೊಡ್ತೀನಿ” ಎಂದು ಆತ ಇಳಿದೇ ಹೋದ. ನನ್ನನ್ನು ಬೆಳೆಸಿದ ಮಾವನೇ ನನ್ನ ಅನ್ನಕ್ಕೆ ಕಲ್ಲು ಹಾಕುವುದೇ?

ಮರುದಿನ ಬೆಳಿಗ್ಗೆಯೇ ಕಮಲಾಪುರಕ್ಕೆ ಹೋದೆ, ಜಗಳಕ್ಕೆಂದೇ. ಮಾಮಾ ತೋಟದಲ್ಲಿದ್ದರು. ಅತ್ತೆ ಅಂಗಳದ ಬಿಸಿಲಿಗೆ ಕೂತಿದ್ದರು. ಕೂಗಾಟವೆಲ್ಲ ಅವರ ಪಾಲಾಯಿತು. “ಆ ಹಾಳಾದ್ದನ್ನ ಓದಿ ಓದಿ ಮಾಮಾ ಏನ ಉದ್ಧಾರ ಆಗ್ಯಾರ, ಅತ್ತಿ?”

ಅತ್ತೆ ತಲೆಯ ಮೇಲಿನ ಸೆರಗನ್ನು ಮುಂದಕ್ಕೆ ಎಳೆದುಕೊಂಡರು. ಕಳೆದ ವರ್ಷ ಅವರಿಗೆ ದೊಡ್ಡ ಕಾಯಿಲೆಯಾಗಿ ಚಿಕಿತ್ಸೆ ನಡೆದದ್ದು ನಮಗೆಲ್ಲ ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ.

“ತಲಿಗೂದಲಾ ಎಲ್ಲಾ ಹೋಗಿದ್ವವ್ವಾ. ಯಾರಿಗೂ ಹೇಳಬ್ಯಾಡ್ರಿ ಅಂದಿದ್ದೆ. ನನಗಂತ ಇವ್ರು ಫೋನಿನ್ಯಾಗ ಟೋಪನ್, ಅದೇ ಸುಳ್ಳ ಕೂದಲಾ, ಹುಡುಕ್ಯಾರ. ಅಡ್ಡ ಬಂದಿದ್ದಕ್ಕೆಲ್ಲ ಓದಲಾರದ ಹೂಂ ಅಂತ ಒತ್ಯಾರ. ಮಹಾಗಾಂವದ ಬೀಗರು ಬಂದಾಗ, ಏನೋ ನೋಡ್ತೀವಂತ ಫೋನ್ ಇಸ್ಕೊಂಡ್ರು. ತುಂಬಾ ಟೋಪನ್ನಿಂದೇ ಜಾಹೀರಾತು! ‘ಯಾರ್ದ್ರೀ ಬೋಳುತಲಿ?’ ಅಂತ ಎಲ್ಲಾರ ಮುಂದ ನಕ್ರು. ನಾ ಒಳಗ ಹೋಗಿ ಬಾಗಿಲಾ ಹಾಕ್ಕೊಂಡೆ. ನಿಮ್ಮ ಮಾಮಾ ಹೊರಗ ನಿಂತು, ‘ನಾ ಓದಲಿಲ್ಲ, ನಾ ಓದಲಿಲ್ಲ’ ಅಂತ ಅತ್ತಿದ್ರು.”

ನಾನು ತಂದಿದ್ದ ಜಗಳ ಎಲ್ಲಿ ಹೋಯಿತೋ!

ಅಷ್ಟರಲ್ಲಿ ಮಾಮಾ ಬಂದು ಬಾಳೆಯ ಚಿಪ್ಪನ್ನು ನನ್ನ ಮುಂದಿಟ್ಟು ತಲೆ ತಗ್ಗಿಸಿದರು. “ಕೆಲಸಾ ನಿನಗ ವಾಪಸ್ ಕೊಡಂತ ಲಾಡ್ಜಿನವ್ಗ ನಾ ಹೋಗಿ ಹೇಳ್ತೀನಿ.”

“ಏನೂ ಬ್ಯಾಡ ಮಾಮಾ. ಇನ್ನ ನಾ ಮಾಡೋ ಸೈಟಿನ್ಯಾಗ ಎರಡೂ ಬಟನ್ ಸರಿಸಮ, ಕನ್ನಡದಾಗ” ಎಂದೆ.

ಗಾಳಿಗೆ ಅತ್ತೆಯ ಸೆರಗು ಕೊಂಚ ಸರಿದಿತ್ತು. ಒಳಗೆ ಎಳೆಯ ಕೂದಲು, ಗರಿಕೆಯ ಹಾಗೆ. ಚಂದ ಕಂಡು ಫೋಟೋ ತೆಗೆಯಲು ಫೋನ್ ಎತ್ತಿದೆ. ಮಾಮಾ ಕೈ ಅಡ್ಡ ಹಿಡಿದರು. “ಅಕಿನ್ನ ಕೇಳಿದೇನು?”

ಕೇಳಿದೆ. ಅತ್ತೆ ಯೋಚಿಸಿದರು. ನಾವಿಬ್ಬರೂ ಕಾದೆವು. ಆಮೇಲೆ ಅವರು ಮಾಮಾನ ಮುಖ ನೋಡಿದರು, ಬೆನ್ನು ನೆಟ್ಟಗೆ ಮಾಡಿ ಕೂತರು, ಸೆರಗನ್ನು ತಾವೇ ಹೆಗಲಿಗೆ ಇಳಿಸಿಕೊಂಡರು.

“ಹೂಂ. ಈಗ ತೆಗಿ.”