ಬಾಯಿ ಬಿಡದ ಬಂದೂಕು

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುತ್ತಾರೆ. ಡ್ರಾಯಿಂಗ್ ಮೇಷ್ಟ್ರ ಹೊಟ್ಟೆಕಿಚ್ಚಿಗೆ ಮದ್ದಿರಲಿ, ಹೊಗೆ ಹೋಗಲು ಒಂದು ಕಿಟಕಿಯೂ ಇರಲಿಲ್ಲ. ಕಾರಣಪುರುಷರು ಅವರ ಷಡ್ಡಕ, ಹಲ್ಲಿನ ಡಾಕ್ಟರು. ಮಾವನ ಹಿರಿಯ ಮಗಳನ್ನು ಡಾಕ್ಟರು ಕಟ್ಟಿಕೊಂಡಿದ್ದರು, ಕಿರಿಯವಳನ್ನು ಮೇಷ್ಟ್ರು. ಮಾವ ರೈಫಲ್ ಕ್ಲಬ್ಬಿನ ಹಳೆಯ ಹುಲಿ. ವಯಸ್ಸಾಯಿತೆಂದು ತಮಗೊಂದನ್ನು ಇಟ್ಟುಕೊಂಡು, ಉಳಿದೆರಡು ರೈಫಲ್‌ಗಳನ್ನು ಕಾಯಿದೆ ಪ್ರಕಾರ ಇಬ್ಬರು ಅಳಿಯಂದಿರಿಗೂ ಹಂಚಿದ್ದರು. (ಒಡವೆ ಹಂಚಿದ್ದರೆ ಮನೆಯಲ್ಲಿ ಇಷ್ಟು ರಂಪ ಆಗುತ್ತಿರಲಿಲ್ಲ.)

ವರ್ಷಕ್ಕೊಮ್ಮೆ ಕ್ಲಬ್ಬಿನಲ್ಲಿ ಜೋಡಿ ಪಂದ್ಯ. ಮಾವ ಯಾರನ್ನು ಜೊತೆಗೆ ಕರೆದುಕೊಳ್ಳುತ್ತಾರೋ ಅವನೇ ಆ ವರ್ಷದ ಪಟ್ಟದ ಅಳಿಯ. ಪಟ್ಟ ಏರಿದವರು ಸದಾ ಡಾಕ್ಟರೇ. ಮಾವನ ಪರೀಕ್ಷೆಯೂ ವಿಚಿತ್ರ. ಅವರು ಗುರಿ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಕೂತು, ಖಾಲಿ ಬಂದೂಕಿನ ಬೋಲ್ಟನ್ನು, ಅಂದರೆ ಗುಂಡು ತುಂಬಲು ಹಿಂದೆ ಮುಂದೆ ಓಡಿಸುವ ಉಕ್ಕಿನ ಅಗುಳಿಯನ್ನು, ಕಿವಿಯ ಪಕ್ಕದಲ್ಲಿ ಎಳೆಸಿ ತಳ್ಳಿಸಿ, ಸಂಗೀತ ಕೇಳುವವರ ಹಾಗೆ ತಲೆದೂಗುತ್ತಿದ್ದರು.

"ಬೋಲ್ಟನ್ನೇ ನೆಟ್ಟಗೆ ನೋಡ್ಕೊಳ್ದೋನು ನನ್ನ ಮಗಳನ್ನ ಏನ್ ನೋಡ್ಕೊಳ್ತಾನೆ?" ಎನ್ನುವುದು ಅವರ ವೇದವಾಕ್ಯ.

ಈ ಸಲ ಡಾಕ್ಟರ ಪಟ್ಟ ಕಿತ್ತೇ ತೀರಬೇಕೆಂದು ಮೇಷ್ಟ್ರು ಪಣ ತೊಟ್ಟರು. ತುಕ್ಕು ಹತ್ತಿದ್ದ ತಮ್ಮ ಬಂದೂಕನ್ನು ಕೆರೆಸಿ, ಉಜ್ಜಿಸಿ, ಹೊಸದಾಗಿ ಕಪ್ಪು ಬಣ್ಣ ಹಾಕಿಸಿ ತಂದರು. ನೋಡಲು ಮದುವಣಿಗನ ಹಾಗಿತ್ತು. ಆದರೆ ಬೋಲ್ಟ್ ಮಾತ್ರ ಕಲ್ಲು! ಹಿಡಿ ಎತ್ತಿದರೆ ಮೇಲೇಳದು, ಎದ್ದರೆ ಹಿಂದೆ ಬಾರದು.

"ಹೊಸ ಬಣ್ಣ ಬೋಲ್ಟ್ ಓಡೋ ಜಾಗದಲ್ಲೂ ಕೂತಿದೆ ಸಾರ್. ಒಂದ್ ಹನಿ ಎಣ್ಣೆ ಬಿಟ್ಟು ದಿನಾ ಖಾಲಿ ಆಡಿಸ್ತಾ ಬನ್ನಿ, ತಾನೇ ಪಳಗತ್ತೆ. ಉಜ್ಜೋಕೆ ಮಾತ್ರ ಹೋಗ್ಬೇಡಿ," ಎಂದಿದ್ದ ಬಂದೂಕು ರಿಪೇರಿಯವನು.

ಮೇಷ್ಟ್ರು ಹಾಗೇ ಆಡಿಸುತ್ತಿದ್ದರೋ ಏನೋ. ಅಷ್ಟರಲ್ಲಿ ಅಕ್ಕನ ಫೋನು ಮುಗಿಸಿ ಹೆಂಡತಿ ಒಳಗೆ ಬಂದಳು.

"ರೀ, ಭಾವನೂ ಬಂದೂಕಿಗೆ ಹೊಸ ಬಣ್ಣ ಹೊಡೆಸಿದಾರಂತೆ. ಬೋಲ್ಟು ಬೆಣ್ಣೆ ಥರ ಜಾರತ್ತಂತೆ!"

"ಬೆಣ್ಣೆ?" ಮೇಷ್ಟ್ರ ಮೈಯೆಲ್ಲ ಉರಿಯಿತು. "ಹಲ್ಲು ಕೀಳೋ ಮನುಷ್ಯ. ಎಳೆಯೋದೇ ಅವನ ಕಸುಬು. ಅದರಲ್ಲೇನು ಹೆಚ್ಚುಗಾರಿಕೆ?"

"ಅವರನ್ನೇ ಒಂದ್ಸಲ ಕೇಳ್ಬಾರ್ದಾ, ಹೇಗ್ ಮಾಡಿದ್ರಿ ಅಂತ?"

"ನಾನು? ಅವನ್ನ? ಕೇಳೋದಾ? ನಾಲಿಗೆ ಬಿದ್ದು ಹೋಗ್ಲಿ!"

ಇನ್ನು ದಿನಾ ಆಡಿಸುತ್ತ ಕೂರುವ ವ್ಯವಧಾನ ಯಾರಿಗಿದೆ? ಮೇಷ್ಟ್ರು ನೇರ ಅಡುಗೆಮನೆಗೆ ನುಗ್ಗಿ, ಪಾತ್ರೆ ಉಜ್ಜುವ ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಬೋಲ್ಟಿಗೆ ಮೆತ್ತಿ, ಒಳಗೆ ತುರುಕಿ ತಿಕ್ಕಿದರೇ ತಿಕ್ಕಿದರು.

"ಕಪ್ಪು ಬಳಿಸೋಕೆ ದುಡ್ಡು ಕೊಟ್ರಿ, ಈಗ ಕಪ್ಪು ಕೀಳೋಕೆ ನನ್ನ ಪುಡಿ ಖರ್ಚು ಮಾಡ್ತಿದೀರಿ," ಎಂದಳು ಹೆಂಡತಿ.

"ಇದು ಲೋಹಶಾಸ್ತ್ರ. ನಿಂಗರ್ಥ ಆಗಲ್ಲ, ಸುಮ್ನಿರೆ!"

ಲೋಹಶಾಸ್ತ್ರದ ಫಲವಾಗಿ ಬೋಲ್ಟ್ ಅರ್ಧ ದಾರಿಯಲ್ಲಿ ಕಚ್ಚಿಕೊಂಡು ನಿಂತಿತು. ಮೇಷ್ಟ್ರು ಎಳೆದರು, ಬೈದರು, ಗೋಡೆಗೆ ಕಾಲು ಕೊಟ್ಟು ಜಗ್ಗಿದರು. ಅಂಗೈಯಲ್ಲಿ ಬೊಬ್ಬೆ ಬಂತೇ ಹೊರತು ಅದು ಅಲುಗಲಿಲ್ಲ.

ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದಳು. ಒಂದಿಷ್ಟು ಸೀಮೆಎಣ್ಣೆ ಹನಿಸಿದಳು, ಸ್ವಲ್ಪ ಹೊತ್ತು ಕಾದಳು, ಹಿಡಿಯನ್ನು ಮೆಲ್ಲಗೆ ಮೇಲಕ್ಕೆತ್ತಿ ನೇರವಾಗಿ ಹಿಂದಕ್ಕೆ ತಂದಳು. ಬೋಲ್ಟ್ ಮರುಮಾತಿಲ್ಲದೆ ಬಂತು.

"ಸೊಟ್ಟಗೆ ಎಳೆದ್ರೆ ಮೂಲೆ ಕಚ್ಚತ್ತೆ ರೀ. ಎತ್ತಿ, ನೆಟ್ಟಗೆ ಎಳೀಬೇಕು."

"ನಿಂಗ್ ಹೇಗೆ ಗೊತ್ತು?"

"ಅಡುಗೆಮನೆ ಡ್ರಾಯರ್ ರಿಪೇರಿ ಮಾಡ್ಕೊಡಿ ಅಂತ ಬಡ್ಕೊಳ್ತಾನೇ ಇದೀನಲ್ಲ. ಮದುವೆ ಆದಾಗಿಂದ ಹೀಗೇ ಎಳೀತಿದೀನಿ!"

ಅವಳು ಪುಡಿಯನ್ನೆಲ್ಲ ತೊಳೆದು, ಒರೆಸಿ, ಎಣ್ಣೆ ಬಿಟ್ಟಳು. ಅಂದಿನಿಂದ ಟಿವಿ ಧಾರಾವಾಹಿ ನೋಡುತ್ತಾ ಖಾಲಿ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಆಡಿಸುವುದೇ ಅವಳ ಕೆಲಸ. ಅತ್ತೆ ಸೊಸೆಯನ್ನು ಬೈದಾಗ ಜೋರಾಗಿ, ಸೊಸೆ ಅತ್ತಾಗ ನಿಧಾನವಾಗಿ. ಮೇಷ್ಟ್ರು ಅಂಗೈಗೆ ಮುಲಾಮು ಹಚ್ಚಿಕೊಂಡು ದಿವಾನದ ಮೇಲೆ ಒರಗಿ, "ಹಾಗಲ್ಲ, ಹೀಗೆ," ಎಂದು ಮೇಲ್ವಿಚಾರಣೆ ನಡೆಸಿದರು. ದಿನ ಕಳೆದಂತೆ ಕರಕರ ಹೋಗಿ ಕಿಟಕಿಟ ಆಯಿತು, ಕಿಟಕಿಟವೂ ಹೋಗಿ ಬರೀ ಒಂದು ಉಸಿರು ಉಳಿಯಿತು. ಮೇಷ್ಟ್ರು ರಾತ್ರಿ ನಿದ್ದೆಯಲ್ಲೂ ನಗುತ್ತಿದ್ದರು.

ಪರೀಕ್ಷೆಯ ದಿನ ಕ್ಲಬ್ಬಿನ ಜಗುಲಿಯಲ್ಲಿ ಮಾವ ಕಣ್ಣು ಮುಚ್ಚಿ ಕೂತರು. ಅಕ್ಕ ತಂಗಿ ಇಬ್ಬರೂ ನೋಡಲು ಬಂದು ನಿಂತಿದ್ದರು. ಮೊದಲು ಡಾಕ್ಟರು ಎಳೆದರು. ಬೋಲ್ಟ್ ಸರಾಗವಾಗಿಯೇ ಬಂತು, ಆದರೆ ಕೊನೆಯಲ್ಲಿ ಒಂದು ಸಣ್ಣ 'ಕಿರ್‍ರ್' ಎಂದಿತು. ಮಾವನ ಹುಬ್ಬು ಗಂಟಾಯಿತು. ಮೇಷ್ಟ್ರಿಗೆ ಎದೆಯಲ್ಲಿ ಹಾಲು ಹೊಯ್ದಂತಾಯಿತು.

"ಏನ್ ಡಾಕ್ಟ್ರೇ, ಬೆಣ್ಣೆಯಲ್ಲಿ ಕಲ್ಲು ಸಿಕ್ತೇ?" ಎಂದು ಕೆಣಕಿಯೇ ಬಿಟ್ಟರು.

"ಮೇಷ್ಟ್ರೇ, ನಿಮ್ಮದು ಆಡಿಸಿ. ಯಾರು ಪಳಗಿಸಿದ್ದು ಇದನ್ನ?" ಮಾವ ಕೇಳಿದರು.

"ಇನ್ಯಾರು ಮಾವ? ನಾನೇ! ಈ ಕೈ ನೋಡಿ, ಬೊಬ್ಬೆ ಇನ್ನೂ ಮಾಗಿಲ್ಲ."

ಹೆಂಡತಿ ಅಕ್ಕನ ಮುಖ ನೋಡಿದಳು.

ಮೇಷ್ಟ್ರು ಡಾಕ್ಟರ ಕಡೆ ಒಂದು ವಿಜಯದ ನೋಟ ಬೀರಿ, ಆ ಉತ್ಸಾಹದಲ್ಲೇ ಹಿಡಿಯನ್ನು ಸೊಟ್ಟಗೆ ಜಗ್ಗಿದರು. ಬೋಲ್ಟ್ ಕಚ್ಚಿತು. ಮತ್ತೆ ಜಗ್ಗಿದರು. ಉಹುಂ. ಬೊಬ್ಬೆ ಒಡೆಯಿತು. ಡಾಕ್ಟರು ಮೂವತ್ತೆರಡು ಹಲ್ಲೂ ಕಾಣುವಂತೆ ನಕ್ಕರು.

"ಕೊಡಿ ಇಲ್ಲಿ," ಎಂದು ಹೆಂಡತಿ ಬಂದೂಕು ತೆಗೆದುಕೊಂಡಳು. ಎತ್ತಿದಳು, ಎಳೆದಳು, ತಳ್ಳಿದಳು, ಇಳಿಸಿದಳು. ಸದ್ದೇ ಇಲ್ಲ. ಮಾವ ಕಿವಿ ಮುಂದೆ ತಂದು ಮತ್ತೊಮ್ಮೆ ಆಡಿಸಲು ಹೇಳಿದರು. ಆಮೇಲೆ ಕಣ್ಣು ತೆರೆದು, ಎದುರಿಗೆ ನಿಂತಿದ್ದವಳನ್ನು ಕಂಡು ಬಾಯಿ ತುಂಬ ನಕ್ಕರು.

"ಅಯ್ಯೋ ನನ್ನವ್ವಾ! ಮದುವೆಗೆ ಮುಂಚೆ ನೀನು ನನ್ ಜೊತೆ ಬಂದು ಗುರಿ ಹೊಡೀತಿದ್ದೆ. ಮನೆಯಲ್ಲೇ ಜೋಡಿ ಇಟ್ಕೊಂಡು ನಾನು ಅಳಿಯಂದಿರ ಬಾಗಿಲು ಕಾದೆನಲ್ಲ! ಈ ವರ್ಷ ನೀನೇ ಕಣೇ."

ಡಾಕ್ಟರ ನಗು ಹಲ್ಲಿನಲ್ಲೇ ಸಿಕ್ಕಿಕೊಂಡಿತು. ಅದನ್ನು ಕಂಡು ಮೇಷ್ಟ್ರಿಗೆ ಅರೆಗಳಿಗೆ ಸ್ವರ್ಗ. ಪಟ್ಟ ತಮ್ಮ ಮನೆಗೇ ಬಂತಲ್ಲ! ಮರುಗಳಿಗೆ, ಪಟ್ಟ ಬಂದದ್ದು ಯಾರಿಗೆಂದು ಹೊಳೆದು, ಇಷ್ಟು ಕಾಲ ಷಡ್ಡಕನಿಗೆ ಮೀಸಲಾಗಿದ್ದ ಬೆಂಕಿ ಸ್ವಂತ ಹೆಂಡತಿಯ ಕಡೆ ತಿರುಗಿತು.

"ಅಳಿಯಂದಿರೇ, ಬೇಜಾರ್ ಬೇಡ," ಎಂದರು ಮಾವ. "ಗುರಿ ಹಲಗೆ ಹೊರೋಕೆ ಇಬ್ಬರು ಬೇಕೇ ಬೇಕು."

ಡಾಕ್ಟರು ಒಂದು ತುದಿ, ಮೇಷ್ಟ್ರು ಒಂದು ತುದಿ ಹಿಡಿದು, ಮುಖ ಮುಖ ನೋಡದೆ ಬಯಲಿನ ಆ ಕೊನೆಗೆ ಹೊರಟರು. ಹಿಂದಿನಿಂದ ಹೆಂಡತಿಯ ದನಿ ಕೇಳಿಸಿತು.

"ರೀ, ಸ್ವಲ್ಪ ಎತ್ತಿ ಹಿಡೀರಿ! ಭಾವನ ಕಡೆ ನೋಡಿ, ಎಷ್ಟು ನೆಟ್ಟಗಿದೆ!"