ಅನುಮತಿಯಿಲ್ಲದೆ ಹೊರಟುಹೋದ ಗ್ರಹ

ವೀಕ್ಷಣಾಲಯದ ದಾಖಲೆ ವಿಭಾಗದ ಅಧೀಕ್ಷಕಿಯವರದು ಆಕಾಶದ ವಿಷಯದಲ್ಲಿ ಮೂರು ತಲೆಮಾರಿನಿಂದ ಮರ್ಯಾದಸ್ಥ ಮನೆತನ. ಅಜ್ಜ ದೂರದರ್ಶಕದ ಕನ್ನಡಿ ಒರೆಸಿದವರು. ಒಂದು ಗೀರೂ ಬಿದ್ದಿರಲಿಲ್ಲ. ಸೋದರತ್ತೆ ನಕ್ಷತ್ರಗಳ ರಿಜಿಸ್ಟರು ಬರೆದವರು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಕಾಟೂ ಹೊಡೆದಿರಲಿಲ್ಲ. ಇಂಥ ಮನೆಯ ಹೆಣ್ಣುಮಗಳು ಮಂಗಳವಾರ ಬೆಳಗ್ಗೆ ಹಿಂದಿನ ತಿಂಗಳ ಅಳತೆಗಳನ್ನು ತಾಳೆ ನೋಡುತ್ತ ಒಂದು ಗ್ರಹವನ್ನು ಕಂಡುಹಿಡಿದರು.

ಸಂಗತಿ ಸರಳ. ದೂರದ ಒಂದು ನಕ್ಷತ್ರದ ಮುಂದೆ ಇನ್ನೊಂದು ನಕ್ಷತ್ರ ನೇರಕ್ಕೆ ಹಾದುಹೋಗಿತ್ತು. ಮುಂದಿನದರ ಗುರುತ್ವ ಹಿಂದಿನದರ ಬೆಳಕನ್ನು ಭೂತಗನ್ನಡಿಯಂತೆ ಬಗ್ಗಿಸಿ ಮೂರು ವಾರ ಹೆಚ್ಚು ಹೊಳೆಯಿಸಿತ್ತು. ಆ ಹೊಳಪು ಇಳಿಯುವಾಗ ನಾಲ್ಕು ಗಂಟೆ ಮಟ್ಟಿಗೆ ಒಂದು ಪುಟ್ಟ ಉಬ್ಬು. ಅದು ಮುಂದಿನ ನಕ್ಷತ್ರದ ಗ್ರಹದ ಕೆಲಸ. ಇವೆರಡೂ ಮತ್ತೊಮ್ಮೆ ಹೀಗೆ ಒಂದೇ ಸಾಲಿಗೆ ಕೂಡಿಬರುವುದು ಮರಿಮಕ್ಕಳ ಕಾಲಕ್ಕೂ ಅನುಮಾನ.

ದೃಢೀಕರಣ ಸಮಿತಿಯ ಹದಿನಾಲ್ಕನೇ ನಿಯಮದ ಪ್ರಕಾರ ಯಾವುದೇ ಆಕಾಶಕಾಯ ಎರಡು ಸಲ ಹಾಜರಾಗತಕ್ಕದ್ದು. ಹಾಜರಾಗದಿದ್ದಲ್ಲಿ, ಕಂಡೆನೆಂದವರ ಹೆಸರನ್ನು ಭ್ರಮೆಗಳ ರಿಜಿಸ್ಟರಿನಲ್ಲಿ ಬರೆಯತಕ್ಕದ್ದು. ಅಧೀಕ್ಷಕಿಯವರ ಮನೆತನದ ಹೆಸರು ಆ ರಿಜಿಸ್ಟರಿನಲ್ಲಿ ಇದುವರೆಗೆ ಇರಲಿಲ್ಲ.

"ಇನ್ನೊಂದ್ಸಲ ಬರಲಿ ಬಿಡಿ, ಬರ್ಕೊಳ್ಳೋಣ" ಎಂದರು ಸಮಿತಿಯ ಅಧ್ಯಕ್ಷರು.

"ಅದು ಬರಲ್ಲ ಸರ್."

"ಬರಲ್ಲ ಅನ್ನೋಕೆ ಅದೇನು ಮುನಿಸ್ಕೊಂಡ ಬೀಗರಾ? ಮೇಡಂಗೂ ವಯಸ್ಸಾಯ್ತು. ಕನ್ನಡಕದ ಮೇಲೆ ನೊಣ ಕೂತಿರ್ಬೇಕು."

ಸದಸ್ಯರು ನಕ್ಕರು. ಅಧೀಕ್ಷಕಿ ನಗದೆ ನಿಯಮಾವಳಿಯ ಪುಟ ತಿರುವಿ ಮೂವತ್ತೊಂದನೇ ನಿಯಮವನ್ನು ಗಟ್ಟಿಯಾಗಿ ಓದಿದರು. ಗೈರುಹಾಜರಾದವರಿಗೆ, ಅವರು ಕೊನೆಯದಾಗಿ ಕಂಡುಬಂದ ಸ್ಥಳದಲ್ಲಿ, ಹದಿನೈದು ದಿನಕ್ಕೊಂದರಂತೆ ಮೂರು ನೋಟೀಸು ಅಂಟಿಸತಕ್ಕದ್ದು.

ಗ್ರಹ ಕೊನೆಯದಾಗಿ ಕಂಡುಬಂದದ್ದು ದೂರದರ್ಶಕದ ಕನ್ನಡಿಯಲ್ಲಿ. ಜವಾನ ಅಲ್ಲಿಯೇ ಅಂಟಿಸಿದ. ಅಜ್ಜನ ಕನ್ನಡಿಗೆ ಗೋಂದು ತಾಗುವಾಗ ಅಧೀಕ್ಷಕಿ ಕಿಟಕಿಯ ಕಡೆ ತಿರುಗಿ ನಿಂತಿದ್ದರು. ನೋಟೀಸಿನ ಒಕ್ಕಣೆ ಅವರದೇ:

"ಹನ್ನೊಂದನೇ ತಾರೀಕು ತಾವು ನಾಲ್ಕು ಗಂಟೆ ಕಾಲ ಹಾಜರಿದ್ದು, ತರುವಾಯ ಅನುಮತಿಯಿಲ್ಲದೆ ಹೊರಟುಹೋಗಿರುತ್ತೀರಿ. ಹದಿನೈದು ದಿನದೊಳಗೆ ಉತ್ತರಿಸದಿದ್ದಲ್ಲಿ ಇದನ್ನು ಒಪ್ಪಿಕೊಂಡಿದ್ದೀರೆಂದು ಭಾವಿಸಲಾಗುವುದು."

ನಲವತ್ತೈದು ದಿನ ಕನ್ನಡಿಯ ತುಂಬ ನೋಟೀಸುಗಳಿದ್ದವು. ಆ ಅವಧಿಯಲ್ಲಿ ಆಕಾಶದಲ್ಲಿ ಯಾವುದೇ ಅಹಿತಕರ ಘಟನೆ ನಡೆದಿಲ್ಲವೆಂದು ತ್ರೈಮಾಸಿಕ ವರದಿ ಸಂತೋಷ ವ್ಯಕ್ತಪಡಿಸಿತು. ಗ್ರಹದಿಂದ ಉತ್ತರ ಬರಲಿಲ್ಲ.

ಉತ್ತರ ಬಾರದ್ದರಿಂದ ಗ್ರಹ ಎಲ್ಲವನ್ನೂ ಒಪ್ಪಿಕೊಂಡಂತಾಯಿತು. ಇಲ್ಲದವರು ಒಪ್ಪಿಕೊಳ್ಳಲು ನಿಯಮದಲ್ಲಿ ಅವಕಾಶವಿಲ್ಲವಾದ್ದರಿಂದ ಅದು ಇದೆಯೆಂದು ಸಮಿತಿ ಸರ್ವಾನುಮತದಿಂದ ದೃಢೀಕರಿಸಿತು. ಗೈರುಹಾಜರಿಗಾಗಿ ಅದೇ ಠರಾವಿನಲ್ಲಿ ಗ್ರಹವನ್ನು ಅಮಾನತಿನಲ್ಲಿಟ್ಟಿತು. ಜೊತೆಗಿದ್ದೂ ತಡೆಯದ ನಕ್ಷತ್ರಕ್ಕೆ ಎಚ್ಚರಿಕೆ ಕೊಡಲಾಯಿತು. ಕಡತ ಇಷ್ಟು ಅಚ್ಚುಕಟ್ಟಾಗಿ ಮುಗಿದದ್ದಕ್ಕೆ ಎಲ್ಲರಿಗೂ ಸಮಾಧಾನವಾಗಿ, ಅಧ್ಯಕ್ಷರು ತಮ್ಮ ಸ್ವಂತ ಪೆನ್ನನ್ನೇ ಅಧೀಕ್ಷಕಿಯವರತ್ತ ಚಾಚಿ ರುಜು ಮಾಡಲು ಹೇಳಿದರು.

ಅವರು ಪೆನ್ನು ಮುಟ್ಟಲಿಲ್ಲ.

"ಇನ್ನೇನ್ರಮ್ಮ? ಗ್ರಹ ಸಿಕ್ತಲ್ಲ."

"ಗ್ರಹದ ವಿಷಯ ಮುಗೀತು ಸರ್. ನನ್ನ ಕಣ್ಣಿನ ಬಗ್ಗೆ ಎಲ್ಲರ ಮುಂದೆ ಮಾತಾಡಿದ್ರಿ. ಎಲ್ಲರ ಮುಂದೆ ಕ್ಷಮೆ ಕೇಳಿ."